ಎಬೊ ಅರ್ಕೊಫುಲ್‌ನ ಹೆಸರು ಅಚ್ಚಾದ ಪ್ರಸಂಗ

ನಮ್ಮೂರು ಅನೊಮಾಬುವಿನ ಎಬೊ ಅರ್ಕೊಫುಲ್‌ಗೆ ತನ್ನ ಹೆಸರನ್ನು ಒಮ್ಮೆ ಅಚ್ಚಿನಲ್ಲಿ ನೋಡಬೇಕು ಅನ್ನಿಸಿದ್ದೇ ಎಲ್ಲ ಅನಾಹುತಕ್ಕೂ ಮೂಲ.

ಮೂವತ್ತೊಂದು ವರ್ಷದಿಂದ ಅವನು ಅರಾಬಾ ಅಕ್ಕನ ‘ಕರ್ತನ ಕೃಪೆ’ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದ. ನಮ್ಮ ಕರಾವಳಿಯಲ್ಲಿ ಸಾವಿಗೆ ಇರುವಷ್ಟು ಅಚ್ಚಿನ ಕೆಲಸ ಬದುಕಿಗಿಲ್ಲ. ಒಬ್ಬರು ಸತ್ತರೆ ಗೋಡೆಗೆಲ್ಲ ಪೋಸ್ಟರು, ಬಂದವರ ಕೈಗೆಲ್ಲ ಪುಸ್ತಿಕೆ. ಪುಸ್ತಿಕೆಯಲ್ಲಿ ಸತ್ತವರ ಫೋಟೊ, ಪ್ರಾರ್ಥನೆಗಳ ಪಟ್ಟಿ, ಹೆಂಡತಿಯ ನುಡಿನಮನ, ನೆರೆಯವರ ನುಡಿನಮನ, ಬಲೆ ಹೆಣೆಯುವವರ ಸಂಘದ ನುಡಿನಮನ. ಎಬೊ ತಿದ್ದಿದ ಪುಸ್ತಿಕೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನಮ್ಮ ಕೋಟೆಯ ಗೋಡೆಗಿಂತ ಎರಡಾಳು ಎತ್ತರವಾಗುತ್ತದೆ. ನಾನೇ ಅಳೆದು ನೋಡಿದ್ದೇನೆ. ಅಷ್ಟು ಜನ ಸತ್ತವರ ಹೆಸರಿನಲ್ಲಿ ಒಂದಕ್ಷರ ತಪ್ಪದಂತೆ ಕಾದವನ ಹೆಸರು ಮಾತ್ರ ಯಾವ ಕಾಗದದ ಮೂಲೆಯಲ್ಲೂ ಇರಲಿಲ್ಲ.

ಈ ಆಸೆಗೆ ಗಾಳಿ ಹಾಕಿದವರು ಎಜ್ಯಾ ತಾಂಡೊ. ಎಜ್ಯಾ ಅಂದರೆ ಹಿರಿಯರನ್ನು ಅಪ್ಪಾ ಎಂದು ಕರೆದ ಹಾಗೆ. ಎಂಬತ್ಮೂರು ವರ್ಷದ ಕಾದಂಬರಿಕಾರರು. ಅವರು ಬರೆಯುವುದಕ್ಕೆ ರಾಜಧಾನಿಯ ಪ್ರೊಫೆಸರುಗಳು ‘ಪ್ರಯೋಗ’ ಅನ್ನುತ್ತಿದ್ದರು; ನಮ್ಮೂರಿನವರು ಏನೂ ಅನ್ನುತ್ತಿರಲಿಲ್ಲ, ಯಾಕೆಂದರೆ ಯಾರೂ ಓದುತ್ತಿರಲಿಲ್ಲ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರು, ಕಣ್ಣು ಮುಚ್ಚುವ ಮೊದಲು ಮೂರು ಸಂಪುಟದ ಕಾದಂಬರಿಯೊಂದನ್ನು ಮುಗಿಸುತ್ತೇನೆಂದು ಹೊರಟರು. ಮೊದಲನೆಯ ಸಂಪುಟದಲ್ಲಿ ಕತೆ ಎಡಗಡೆಯ ಪುಟಗಳಲ್ಲಿ ಮಾತ್ರ. ಬಲಗಡೆಯವು ಖಾಲಿ, ಓದುಗನೇ ಬರೆದುಕೊಳ್ಳಬೇಕು. ಎರಡನೆಯದು ಮೊದಲಿನಿಂದ ಕೊನೆಯವರೆಗೆ ಒಬ್ಬ ಮೀನಿನವಳಿಗೂ ಒಬ್ಬ ಗಿರಾಕಿಗೂ ನಡೆಯುವ ಚೌಕಾಸಿ. ಇನ್ನೂರೆಂಬತ್ತು ಪುಟ ಕಳೆದರೂ ವ್ಯಾಪಾರ ಕುದುರುವುದಿಲ್ಲ, ಮೀನು ಕೊಳೆಯುತ್ತದೆ. ಇವೆರಡನ್ನೂ ಕೊನೆಯ ಪುಟದವರೆಗೆ ಓದಿದವನು ಭೂಮಂಡಲದಲ್ಲಿ ಒಬ್ಬನೇ, ಎಬೊ. ಪ್ರೂಫ್ ತಿದ್ದಬೇಕಲ್ಲ. ಅದೂ ಬಿಟ್ಟಿಯಾಗಿ.

“ಕೊನೇ ಪುಸ್ತಕದಲ್ಲಿ ನಿನ್ನ ಹೆಸರು ಹಾಕ್ತೀನಿ ಕಣೋ ಎಬೊ,” ಅಂದಿದ್ದರು ಎಜ್ಯಾ.

“ಎಲ್ಲಿ ಎಜ್ಯಾ? ಮುನ್ನುಡಿ ಕೆಳಗಾ, ಸಣ್ಣಕ್ಷರದಲ್ಲಿ?”

“ಅದಕ್ಕಿಂತ ಒಳ್ಳೇ ಜಾಗ. ದೊಡ್ಡಕ್ಷರ. ಆದ್ರೆ ಅದರ ಪ್ರೂಫ್ ಮಾತ್ರ ನೀನು ನೋಡ್ಕೂಡ್ದು.”

ಮೂರನೆಯ ಸಂಪುಟ ಮುಗಿಯುವ ಹೊತ್ತಿಗೆ ಸರಿಯಾಗಿ ಎಬೊನ ಎಡಗಣ್ಣಿನ ಪೊರೆ ತೆಗೆಸಬೇಕಾಯಿತು. ಮೂರು ವಾರ ರಜೆ ಹಾಕಿ ತಕೊರಾಡಿಯ ಆಸ್ಪತ್ರೆಗೆ ಹೋದ. “ಫೋನು ನೋಡಬೇಡಿ” ಎಂದರು ಡಾಕ್ಟರು. ಎಬೊ ಅಚ್ಚಾದದ್ದನ್ನೂ ಆಡಿದ್ದನ್ನೂ ಅಕ್ಷರಶಃ ಪಾಲಿಸುವ ಮನುಷ್ಯ. ಫೋನನ್ನು ಆಫ್ ಮಾಡಿ ಪೆಟ್ಟಿಗೆಯ ತಳದಲ್ಲಿ ಕಾಲುಚೀಲದೊಳಗೆ ತುರುಕಿದ.

ಅವನು ಅತ್ತ ಹೋದ, ಎಜ್ಯಾ ಇತ್ತ ಪ್ರೆಸ್ಸಿಗೆ ಬಂದರು. ಅರಾಬಾ ಅಕ್ಕನ ಮೇಜಿನ ಮೇಲೆ ಹಸ್ತಪ್ರತಿ ಇಟ್ಟು, “ಇದ್ದದ್ದು ಇದ್ದ ಹಾಗೆ ಅಚ್ಚಾಗ್ಬೇಕು. ಒಂದು ಚುಕ್ಕೆ ಬದಲಾಯಿಸ್ಬೇಡ, ಒಂದು ಪ್ರಶ್ನೆ ಕೇಳ್ಬೇಡ,” ಎಂದು ಹೇಳಿ ಹೋದರು. ಅರಾಬಾ ಅಕ್ಕ ಬಿಡಿಸಿ ನೋಡಿದಳು. ಮೊದಲ ಪುಟ: ‘ದಿವಂಗತ ಎಬೊ ಅರ್ಕೊಫುಲ್, ಐವತ್ತೆಂಟು ವರ್ಷ. ಅಂತ್ಯಕ್ರಿಯೆ ಇದೇ ತಿಂಗಳ ಮೂರನೆಯ ಶನಿವಾರ, ಅನೊಮಾಬುವಿನ ಕುಲದ ಮನೆಯಂಗಳದಲ್ಲಿ.’ ಮುಂದೆ ಪ್ರಾರ್ಥನೆಗಳ ಪಟ್ಟಿ. ಅದರ ಮುಂದೆ ಹೆಂಡತಿಯ ನುಡಿನಮನ, ನೆರೆಯವರದು, ಸಹೋದ್ಯೋಗಿಗಳದು, ಬಲೆ ಹೆಣೆಯುವವರ ಸಂಘದ್ದು. ಬರೆದವರ ಹೆಸರು ಎಲ್ಲೂ ಇಲ್ಲ. ಎಜ್ಯಾರ ಕೊನೆಯ ಪ್ರಯೋಗ ಅದೇ ಆಗಿತ್ತು: ಒಂದು ಕಾದಂಬರಿ, ಪೂರ್ತಿ ಸಾವಿನ ಪುಸ್ತಿಕೆಯ ರೂಪದಲ್ಲಿ, ಲೇಖಕನ ಹೆಸರೂ ಇಲ್ಲದೆ. ಕೊಟ್ಟ ಮಾತಿನಂತೆ ನಾಯಕನಿಗೆ ಎಬೊನ ಹೆಸರು. ದೊಡ್ಡಕ್ಷರದಲ್ಲಿ.

ಆದರೆ ಇಡೀ ಆಯುಷ್ಯದಲ್ಲಿ ಸಾವಿನ ಪುಸ್ತಿಕೆ ಬಿಟ್ಟು ಬೇರೇನನ್ನೂ ಪೂರ್ತಿ ನೋಡದ ಅರಾಬಾ ಅಕ್ಕನಿಗೆ ಅದು ಕಾದಂಬರಿ ಎಂದು ಹೇಗೆ ಗೊತ್ತಾಗಬೇಕು? ಆಸ್ಪತ್ರೆಗೆ ಹೋದ ನೌಕರ, ಸುದ್ದಿಯಿಲ್ಲದ ಫೋನು, ಊರ ಹಿರಿಯರೇ ತಂದುಕೊಟ್ಟ ಪುಸ್ತಿಕೆ. ಅವಳು ಅತ್ತ ಅಳುವಿಗೆ ಪ್ರೆಸ್ಸಿನ ಮಸಿಯೆಲ್ಲ ನೀರಾಯಿತು. ಆಮೇಲೆ ಕಣ್ಣೊರೆಸಿಕೊಂಡು, ಹಾಜರಿ ಪುಸ್ತಕದಿಂದ ಎಬೊನ ಹಳೆಯ ಫೋಟೊ ಕಿತ್ತು, ನಾನೂರು ಪುಸ್ತಿಕೆ, ಜತೆಗೆ ತನ್ನ ಪರವಾಗಿ ಇನ್ನೂರು ಪೋಸ್ಟರು ಅಚ್ಚು ಹಾಕಿಸಿ ಊರಿಗೆಲ್ಲ ಅಂಟಿಸಿಬಿಟ್ಟಳು.

ಇನ್ನು ಎರಡು ಕಡೆಯವರು. ನಮ್ಮಲ್ಲಿ ಹೆಣ ತಾಯಿಯ ಕುಲಕ್ಕೆ ಸೇರಿದ್ದು. ಹೆಂಡತಿಗೆ ಅಳುವ ಹಕ್ಕು ಮಾತ್ರ. ಪೋಸ್ಟರು ನೋಡಿದ ಎಬೊನ ಹೆಂಡತಿ ಅಬಾ, “ನೋಡಿದ್ಯಾ ಕುಲದವರ ಸೊಕ್ಕು, ನನಗೊಂದು ಮಾತು ಹೇಳ್ದೆ ಹೆಣ ಶವಾಗಾರಕ್ಕೆ ಸೇರಿಸಿ ಪುಸ್ತಿಕೇನೂ ಮಾಡ್ಸಿದಾರೆ,” ಅಂದಳು. ಅದೇ ಪೋಸ್ಟರು ನೋಡಿದ ಕುಲದ ಯಜಮಾನ, ಎಬೊನ ಸೋದರಮಾವ ಕ್ವಾಮೆನಾ ಬೆಂಟ್ಸಿಲ್, “ಆ ಹೆಂಗಸಿನ ಧಿಮಾಕು ನೋಡು, ನಮ್ಮ ಹೆಣ ತಾನಿಟ್ಕೊಂಡು ನಮಗೇ ಪೋಸ್ಟರಲ್ಲಿ ಹೇಳ್ತಾಳೆ,” ಅಂದ. ಹೆಣ ಎಲ್ಲಿದೆ ಎಂದು ಕೇಳಿದರೆ ತಮಗೆ ಹೇಳಲಿಲ್ಲ ಎಂಬುದು ಬಯಲಾಗುತ್ತದೆ. ಆ ಅವಮಾನ ಯಾರಿಗೆ ಬೇಕು? ಇಬ್ಬರೂ ಕೇಳಲಿಲ್ಲ. ಬದಲಿಗೆ ಇವರಿಗಿಂತ ಅವರು, ಅವರಿಗಿಂತ ಇವರು ಜೋರಾಗಿ ಸಿದ್ಧತೆಗೆ ಇಳಿದರು.

ಆ ಮೂರನೆಯ ಶನಿವಾರ ಬೆಳಿಗ್ಗೆ, ಎಡಗಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡ ಎಬೊ ಟ್ರೊಟ್ರೊ ವ್ಯಾನಿನಿಂದ ಊರ ತಿರುವಿನಲ್ಲಿ ಇಳಿದ.

ಎದುರಿನ ಗೋಡೆಯಲ್ಲಿ ದೊಡ್ಡಕ್ಷರದಲ್ಲಿ ‘ಎಬೊ ಅರ್ಕೊಫುಲ್’.

ಅವನು ಗೋಡೆಯ ಹತ್ತಿರ ಓಡಿದ. ಮೂವತ್ತೊಂದು ವರ್ಷ! ಒಂದೇ ಕಣ್ಣಿನಲ್ಲಿ ನಾಲ್ಕು ಕಣ್ಣಿನಷ್ಟು ನೀರು ಬಂತು. ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ, ಒಂದೂ ತಪ್ಪಿರಲಿಲ್ಲ. ಮೇಲೆ ‘ದಿವಂಗತ’ ಎಂಬ ಪದ ಇದ್ದದ್ದು ಅವನಿಗೆ ಮೊದಲು ಕಾಣಲೇ ಇಲ್ಲ. ಅದು ದಿನಾ ನೋಡುವ ಪದ, ಕಣ್ಣು ಹಾರಿಸಿಬಿಟ್ಟಿತು. ಕಾಣುವ ಹೊತ್ತಿಗೆ ಹಿಂದಿನಿಂದ ಕಿರುಚಾಟ ಕೇಳಿಸಿತು.

ಜೋಳದ ಕೆಂಕೆ ಕಡುಬು ಮಾರುವ ಎಫುವಾ ಅತ್ತೆ ತಲೆಯ ಮೇಲಿನ ಬೇಸಿನ್ ಸಮೇತ ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದಳು. ಅವಳ ಕೂಗಿಗೆ ಸಮುದ್ರಕ್ಕೆ ಹೋಗಿದ್ದ ಹನ್ನೆರಡು ದೋಣಿಗಳು ಬಿರುಗಾಳಿ ಎಂದು ತಿಳಿದು ದಡಕ್ಕೆ ತಿರುಗಿದವು ಅನ್ನುತ್ತಾರೆ. ಹನ್ನೆರಡಲ್ಲ, ಹದಿನಾಲ್ಕು.

“ಅತ್ತೇ, ನಾನು ಕಣೇ, ಎಬೊ!”

“ಗೊತ್ತು ಕಣಪ್ಪಾ, ಅದಕ್ಕೇ ಓಡ್ತಿರೋದು!”

ಕುಲದ ಮನೆಯಂಗಳದಲ್ಲಿ ಶಾಮಿಯಾನ ಹಾಕಿತ್ತು. ಕೆಂಪು ಕಪ್ಪು ಬಟ್ಟೆ ಉಟ್ಟ ನಾನೂರು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಬಲಗಡೆ ಕುಲದವರು, ಎಡಗಡೆ ಅಬಾಳ ಕಡೆಯವರು, ನಡುವೆ ಹೆಣ ಮಲಗಿಸಲೆಂದು ಹಾಕಿದ ಖಾಲಿ ಮಂಚ. ಎಬೊ ಕಾಲಿಟ್ಟದ್ದು ಸರಿಯಾಗಿ ಜಗಳ ನೆತ್ತಿಗೇರಿದ ಹೊತ್ತಿಗೆ.

“ಹೆಣ ತರ್ಸಿ ಯಜಮಾನ್ರೆ, ಪಾದ್ರಿಗಳು ಎಷ್ಟೊತ್ತು ಕಾಯ್ತಾರೆ?” ಅಬಾಳ ಅಣ್ಣ ಕೂಗಿದ.

“ನಾವು ತರೋದಾ? ಮೂರು ವಾರದಿಂದ ಬಚ್ಚಿಟ್ಕೊಂಡಿರೋರು ನೀವು!”

“ನಾವು ಬಚ್ಚಿಟ್ವಾ? ನಿಮ್ಮ ಹೆಣ, ನೀವೇ ಕಳೆದ್ಹಾಕಿದೀರಾ?”

“ನಮ್ಮ ಕುಲದಲ್ಲಿ ಇವತ್ತಿನವರೆಗೂ ಒಂದು ಹೆಣ ಕಳೆದಿಲ್ಲ!”

“ಮಾವ,” ಅಂದ ಎಬೊ ನಡುವೆ ನಿಂತು, “ಬಂದಿದೀನಿ.”

ಡೊಳ್ಳು ಬಡಿಯುತ್ತಿದ್ದವರ ಕೋಲು ಗಾಳಿಯಲ್ಲೇ ನಿಂತಿತು. ಪಾದ್ರಿ ಮೇಜಿನ ಕೆಳಗೆ ಹೋದರು. ಅರ್ಧ ಜನ ಕುರ್ಚಿ ಹತ್ತಿದರು, ಇನ್ನರ್ಧ ಜನ ಕುರ್ಚಿಯನ್ನೇ ತಲೆಯ ಮೇಲೆ ಹಿಡಿದರು. ಧೈರ್ಯ ಮಾಡಿ ಹತ್ತಿರ ಬಂದವನು ಪಕ್ಕದ ಮನೆಯ ಬಡಗಿ ಫರ್ಗಸನ್ ಒಬ್ಬನೇ.

“ನೀನು ದೆವ್ವ ಅಲ್ಲ ಅಂತ ಏನು ಗ್ಯಾರಂಟಿ?”

ಎಬೊ ಸುತ್ತ ನೋಡಿದ. ಮಂಚದ ಮೇಲೆ ಕಟ್ಟಿದ್ದ ಬ್ಯಾನರು ಕಾಣಿಸಿತು. “‘ಚಿರಶಾಂತಿ’ಗೆ ಅಷ್ಟು ದಪ್ಪ ಅಕ್ಷರ ಯಾರು ಹಾಕಿದ್ದು? ಎರಡನೇ ಸಾಲು ಓರೆಯಾಗಿದೆ. ನಾನು ಮೂರು ವಾರ ಇಲ್ಲ ಅಂದ್ರೆ ಪ್ರೆಸ್ಸು ಈ ಗತಿಗೆ ಬಂತಾ?”

“ಇಳೀರಿ, ಇಳೀರಿ ಎಲ್ರೂ,” ಫರ್ಗಸನ್ ಕೈ ಬೀಸಿದ. “ಎಬೊನೇ. ದೆವ್ವಕ್ಕೆ ಇಷ್ಟು ಕೊಂಕು ಇರಲ್ಲ.”

ಜನ ಇಳಿದರು. ಆದರೆ ಯಾರ ಮುಖದಲ್ಲೂ ಸಂತೋಷ ಇರಲಿಲ್ಲ. ಯಜಮಾನ ಕ್ವಾಮೆನಾ ಬೆಂಟ್ಸಿಲ್ ಹಣೆ ಒತ್ತಿಕೊಂಡ.

“ಇವತ್ತೇ ಬರ್ಬೇಕಿತ್ತೇನೋ ನೀನು?”

“ಮಾವ, ನಾನು ಸತ್ತಿಲ್ಲ.”

“ಅದು ನಿನ್ನ ಅಭಿಪ್ರಾಯ. ಸೆಕೊಂಡಿಯಿಂದ ಎರಡು ಬಸ್ಸು ನೆಂಟರು ಬಂದಿದಾರೆ. ಹಂಡೇಲಿ ಅನ್ನ ಬೆಂದಿದೆ. ಹೋಗು ಹಿಂದಿನ ಸಾಲಲ್ಲಿ ಬಾಯ್ಮುಚ್ಕೊಂಡು ಕೂತ್ಕೋ. ಕೆಲಸ ಮುಗೀಲಿ, ಆಮೇಲೆ ವಿಚಾರ ಮಾಡೋಣ.”

ಹೀಗೆ ಎಬೊ ತನ್ನ ಸಾವಿನ ಕಾರ್ಯಕ್ಕೆ ತಾನೇ ಹಿಂದಿನ ಸಾಲಿನ ಅತಿಥಿಯಾದ. ಪಕ್ಕದಲ್ಲಿದ್ದ ಸೆಕೊಂಡಿಯ ಮುದುಕಿಯೊಬ್ಬಳು ಅವನ ಕೈ ಹಿಡಿದು, “ಪಾಪ, ನಿನಗೂ ಬೇಕಾದೋನಾ?” ಎಂದು ಕಣ್ಣೊರೆಸಿಕೊಂಡಳು.

ಅಬಾ ಮೈಕಿನ ಮುಂದೆ ಬಂದಳು. ಪುಸ್ತಿಕೆಯಲ್ಲಿ ಅವಳ ಹೆಸರಿನಲ್ಲಿದ್ದ ನುಡಿನಮನವನ್ನು ಅವಳು ಅದೇ ಮೊದಲ ಸಲ ಓದುತ್ತಿದ್ದಳು. ಇಂಥವನ್ನು ಕುಲದವರು ಯಾರಿಂದಲೋ ಬರೆಸುವುದು ಎಲ್ಲ ಕಡೆ ಇದ್ದದ್ದೇ.

“‘ನನ್ನ ಗಂಡ ಮನೆಗೆ ಬಂದರೆ ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದರು. ನಾನು ಕತೆ ಹೇಳುತ್ತ ಹೇಳುತ್ತ ದಾರಿ ತಪ್ಪಿದರೆ, ಅವರೂ ನನ್ನ ಜತೆ ದಾರಿ ತಪ್ಪುತ್ತಿದ್ದರು. ನಾನು ಆಡಿದ ಮಾತಿನಲ್ಲಿ ಅವರು ಒಂದು ದಿನವೂ ತಪ್ಪು ಹುಡುಕಲಿಲ್ಲ...’”

ಅವಳ ದನಿ ಅಲ್ಲಿ ಒಡೆಯಿತು. ಅಳಬೇಕೆಂದು ಅತ್ತದ್ದಲ್ಲ ಅದು. ನಾನೂರು ಜನ ಒಟ್ಟಿಗೆ ಬಿಕ್ಕಿದರು. ಶಾಮಿಯಾನ ಒಂದು ಮೊಳ ಮೇಲೆದ್ದು ಕೂತಿತು. ಆಮೇಲೆ ನೆರೆಯವರ ನುಡಿನಮನವನ್ನು ಫರ್ಗಸನ್ ಓದಿದ: ಎರವಲು ತಂದದ್ದನ್ನು ಒರೆಸಿ ವಾಪಸು ಕೊಡುವವನು, ಜಗಳದಲ್ಲಿ ಮೊದಲು ನಗುವವನು. ಸಹೋದ್ಯೋಗಿಗಳದನ್ನು ಅರಾಬಾ ಅಕ್ಕ ಓದಿದಳು: ಇನ್ನೊಬ್ಬರ ತಪ್ಪನ್ನು ಸದ್ದಿಲ್ಲದೆ ತಿದ್ದಿ, ಯಾರು ಮಾಡಿದ್ದೆಂದು ಮರೆತುಬಿಡುವವನು.

ಹಿಂದಿನ ಸಾಲಿನಲ್ಲಿ ಎಬೊನ ಎದೆ ಹಿಟ್ಟು ಕಲಸಿಟ್ಟ ಹಾಗೆ ಉಬ್ಬತೊಡಗಿತ್ತು. ಇಷ್ಟು ಒಳ್ಳೆಯವನೇ ನಾನು! ಹೆಸರು ಅಚ್ಚಾದರೆ ಹೀಗೆ ಅಚ್ಚಾಗಬೇಕು! ತಡೆಯಲಾರದೆ ಎದ್ದು ನಿಂತ.

“ಅದು ನಾನು! ಸ್ವಾಮೀ, ಅವರು ನಾನೇ!”

“ಕೂತ್ಕೊಳಯ್ಯಾ,” ಅಂದ ಫರ್ಗಸನ್ ಮೈಕಿನಲ್ಲೇ. “ಇದರಲ್ಲಿರೋನು ಎರವಲು ವಾಪಸ್ ಕೊಡ್ತಾನೆ. ನನ್ನ ಏಣಿ ನಿಮ್ಮನೇಲಿ ಎರಡು ವರ್ಷದಿಂದ ಇದೆ.”

“ನನ್ನ ಒಬ್ಬ ಗಿರಾಕಿ ಮುಂದೆ ನಾನು ಬರೆದ ಚೀಟೀಲಿ ತಪ್ಪು ತೋರ್ಸಿ ನಕ್ಕಿದ್ದು ಯಾರು?” ಅಂದಳು ಅರಾಬಾ ಅಕ್ಕ.

“ನನ್ನ ಬೋರ್ಡಲ್ಲಿ ‘ಕೆಂಕೆ’ ಸರಿಯಿಲ್ಲ ಅಂತ ನಡುಬೀದೀಲಿ ಸುಣ್ಣ ಬಳಿದಿದ್ದು ಯಾರು?” ದೂರದಿಂದ ಎಫುವಾ ಅತ್ತೆ. ಅವಳು ಇನ್ನೂ ಹತ್ತಿರ ಬರಲು ಒಪ್ಪಿರಲಿಲ್ಲ.

ಎಬೊ ಹೆಂಡತಿಯ ಕಡೆ ತಿರುಗಿದ. “ಅಬಾ, ನೀನಾದ್ರೂ ಹೇಳೇ. ನಿನ್ನ ಗಂಡ ನಾನಲ್ವಾ?”

ಅಬಾ ಪುಸ್ತಿಕೆಯನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಪುಸ್ತಿಕೆಯನ್ನು ನೋಡಿದಳು. ಪುಸ್ತಿಕೆಯನ್ನೇ ಎದೆಗವಚಿಕೊಂಡಳು. ಅದೇ ಎಬೊನಿಗೆ ಕೆನ್ನೆಗೆ ಬಿದ್ದ ಹಾಗಾಯಿತು.

ಆಗ ಅವನಿಗೆ ಎರಡನೆಯ ಸಾಲಿನಲ್ಲಿ ಎಜ್ಯಾ ತಾಂಡೊ ಕಂಡರು. ಮುದುಕರು ಬೆಳಿಗ್ಗೆಯಿಂದ ಅಲ್ಲೇ ಕೂತು, ಪುಸ್ತಿಕೆಯ ಒಂದೊಂದು ಸಾಲಿಗೂ ಜನ ಅಳುವುದನ್ನು ನೋಡುತ್ತ, ತಾವೂ ಅಳುತ್ತ, ನಡುನಡುವೆ ನಗುತ್ತ ಇದ್ದರು. ಎಬೊ ಓಡಿಹೋಗಿ ಅವರ ಕಾಲ ಬಳಿ ಕೂತ.

“ಎಜ್ಯಾ, ಇದು ನಿಮ್ಮ ಮೂರನೇ ಪುಸ್ತಕ ತಾನೇ? ಹೇಳಿಬಿಡಿ ಎಜ್ಯಾ.”

“ಶ್! ಸುಮ್ನಿರೋ,” ಮುದುಕರು ಅವನ ಬಾಯಿಗೆ ಕೈ ಅಡ್ಡ ಇಟ್ಟರು. “ಐವತ್ತು ವರ್ಷ ಬರೆದೆ. ಇವತ್ತು ಮೊದಲ್ನೇ ಸಲ ಜನ ಓದ್ತಿದಾರೆ. ಸಂಘದವರ ನುಡಿನಮನ ಇನ್ನೂ ಬಾಕಿ ಇದೆ, ಅದೇ ಚೆನ್ನಾಗಿರೋದು. ಕೇಳೋಣ ಇರು.”

“ನನ್ನ ಹೆಂಡ್ತಿ ನನ್ನ ಕೈ ಬಿಡ್ತಿದಾಳೆ ಎಜ್ಯಾ! ನೀವು ಕೊಟ್ಟ ಮಾತು ನೀವೇ ಉಳಿಸ್ಬೇಕು. ಇದರಲ್ಲಿರೋದು ನಾನು ಅಂತ ಒಂದೇ ಒಂದು ಮಾತು!”

ಎಜ್ಯಾ ನಿಟ್ಟುಸಿರಿಟ್ಟು ಕೋಲೂರಿ ಎದ್ದರು.

“ಇದು ಸಾವಿನ ಪುಸ್ತಿಕೆ ಅಲ್ಲ. ನಾನು ಬರೆದ ಕಾದಂಬರಿ,” ಅಂದರು. “ನಾಯಕನಿಗೆ ಇಟ್ಟಿರೋ ಹೆಸರು ಇವನದೇ. ಮಾತು ಕೊಟ್ಟಿದ್ದೆ.”

“ಕೇಳಿದ್ರಾ! ಕೇಳಿದ್ರಾ!” ಎಬೊ ಕುಣಿದ.

“ಹೆಸರು ಮಾತ್ರ,” ಅಂದರು ಎಜ್ಯಾ. “ಮಿಕ್ಕಿದ್ದೆಲ್ಲ ಕಲ್ಪನೆ. ಇವನ ಬಗ್ಗೇನೇ ಬರೀಬೇಕು ಅಂತ ಎರಡು ವರ್ಷ ಯೋಚಿಸ್ದೆ. ಬರೆಯೋಕೆ ಏನೂ ಸಿಗಲಿಲ್ಲ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಎಬೊಗೆ ಎಷ್ಟೋ ಹಗುರಾಗುತ್ತಿತ್ತು.

ಯಜಮಾನ ಮುಂದೆ ಬಂದ. “ಕಾದಂಬರಿಯೋ ಮತ್ತೊಂದೋ, ನಂಗೆ ಓದು ಬರಲ್ಲ. ನಾನು ಬೆಳಿಗ್ಗೆ ನೆಲಕ್ಕೆ ಜಿನ್ನು ಸಾರಾಯಿ ಹೊಯ್ದು ಪೂರ್ವಿಕರನ್ನ ಕರೆದು ಹೇಳಿಬಿಟ್ಟಿದೀನಿ: ‘ಎಬೊ ಅರ್ಕೊಫುಲ್ ಬರ್ತಿದಾನೆ, ಒಳ್ಳೆಯವನು, ಬಾಗಿಲು ತೆಗೀರಿ’ ಅಂತ. ಅವರು ಕುಡಿದಾಯ್ತು. ಈಗ ‘ಬರಲ್ಲ’ ಅಂದ್ರೆ, ಬಾಗಿಲು ತೆಗೆದಿಟ್ಕೊಂಡು ಕಾಯ್ತಿರೋರು ಇನ್ನೊಬ್ಬನ್ನ ಕರ್ಕೊಂಡು ಹೋಗ್ತಾರೆ. ಯಾರು ಹೋಗ್ತೀರಾ?”

ಯಾರೂ ಕೈ ಎತ್ತಲಿಲ್ಲ. ಸೆಕೊಂಡಿಯ ಮುದುಕಿ ತನ್ನ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

“ಹಂಗಾದ್ರೆ ಆ ಹೆಸರು ಹೋಯ್ತು. ಹೆಸರು ಅವರದು. ಮನುಷ್ಯ ಮಿಕ್ಕಿದಾನೆ, ಅವನಿಗೆ ಬೇರೆ ಹೆಸರಿಡೋಣ.”

“ಮಾವ! ಐವತ್ತೆಂಟು ವರ್ಷ ಇಟ್ಕೊಂಡಿದ್ದ ಹೆಸರು! ಇವತ್ತು ತಾನೇ ಅಚ್ಚಾಗಿದೆ!”

“ಅಚ್ಚಾಗಿದೆಯಲ್ಲ, ಇನ್ನೇನು ಬೇಕು? ಬಾಯಿ ತೆಗಿ.”

ಹಸುಗೂಸಿಗೆ ಹೆಸರಿಡುವಾಗ ಮಾಡುವಂತೆ ಎಬೊನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಿತ್ತು. ಯಜಮಾನನಿಗೆ ಮಂಡಿನೋವು, ಅದಕ್ಕೆ ಕುರ್ಚಿಯ ಮೇಲೆ ಕೂರಿಸಿದರು. ನಾಲ್ವರು ಹಿಡಿದುಕೊಂಡರು. ಯಜಮಾನ ಬೆರಳನ್ನು ನೀರಿನಲ್ಲಿ ಅದ್ದಿ ನಾಲಗೆಗೆ ಮುಟ್ಟಿಸಿದ, ಆಮೇಲೆ ಜಿನ್ನಿನಲ್ಲಿ ಅದ್ದಿ ಮುಟ್ಟಿಸಿದ. “ನೀರನ್ನ ನೀರು ಅನ್ನು, ಹೆಂಡವನ್ನ ಹೆಂಡ ಅನ್ನು. ಇವತ್ತಿಂದ ನೀನು ಅಬಾಬಿಯೊ, ಮರಳಿ ಬಂದವನು.” ಡೊಳ್ಳು ಶುರುವಾಯಿತು. ಹಂಡೆ ಇಳಿಯಿತು. ಜನ ಎಬೊ ಅರ್ಕೊಫುಲ್‌ನ ಗುಣಗಾನ ಮಾಡುತ್ತ ಮೂರು ಸಲ ಬಡಿಸಿಕೊಂಡು ಉಂಡರು.

ನಾನೂರು ಪುಸ್ತಿಕೆಯಲ್ಲಿ ಒಂದೂ ಉಳಿಯಲಿಲ್ಲ. ಉಳಿದಿದ್ದರೆ ಬೇಕಿತ್ತು ಎಂದು ಮೂರು ಊರಿನವರು ಕೇಳುತ್ತಿದ್ದರು. ಎಜ್ಯಾ ಅರಾಬಾ ಅಕ್ಕನ ಜತೆ ಎರಡನೆಯ ಮುದ್ರಣದ ಮಾತಾಡಿ, ಇಪ್ಪತ್ತು ವರ್ಷ ಚಿಕ್ಕವರಾದಂತೆ ಕೋಲು ಬೀಸುತ್ತ ಮನೆಗೆ ಹೋದರು. ಅರಾಬಾ ಅಕ್ಕ ಶಾಮಿಯಾನದ ಕಂಬಕ್ಕೆ ಒರಗಿ ನಿಂತವನನ್ನು ಕಂಡು, “ಅಬಾಬಿಯೊ, ಸೋಮವಾರ ಬೇಗ ಬಂದ್ಬಿಡಪ್ಪ. ಎಬೊ ಹೋದ್ಮೇಲೆ ಪ್ರೂಫ್ ನೋಡೋಕೆ ಜನ ಇಲ್ಲ. ಹೊಸಬ ನೀನು, ಹುಷಾರು, ಎಬೊ ಹೆಸರಲ್ಲಿ ಒಂದಕ್ಷರ ತಪ್ಪಬಾರದು,” ಅಂದಳು.

ಹೊತ್ತು ಮುಳುಗುವ ಮುಂಚೆ ಅವನು ಪೆಟ್ಟಿಗೆ ಎತ್ತಿಕೊಂಡು ಮನೆಗೆ ನಡೆದ. ಬಾಗಿಲಿಗೆ ಅಗುಳಿ ಹಾಕಿತ್ತು. ತಟ್ಟಿದ.

“ಯಾರು?” ಒಳಗಿನಿಂದ ಅಬಾ.

“ನಾನು ಕಣೇ. ಎ...” ನಾಲಗೆಯ ಮೇಲೆ ಇನ್ನೂ ಜಿನ್ನು ಉರಿಯುತ್ತಿತ್ತು. “ಅಬಾಬಿಯೊ.”

“ಅಂಥೋರು ಯಾರೂ ನಂಗೊತ್ತಿಲ್ಲಪ್ಪ. ಇದು ವಿಧವೆ ಮನೆ. ವರ್ಷ ತುಂಬೋವರೆಗೂ ಗಂಡಸರು ಒಳಗೆ ಬರೋ ಹಾಗಿಲ್ಲ.”

“ಅಬಾ, ಇದೇನೇ ಇದು. ನಾನು ಇನ್ಮೇಲೆ ಅವನ ಥರಾನೇ ಇರ್ತೀನಿ. ಮೊದಲು ನಿನ್ನ ಮುಖ ನೋಡ್ತೀನಿ, ಆಮೇಲೆ ಪಾತ್ರೆ.”

ಒಳಗೆ ಪುಟವೊಂದನ್ನು ಮಗುಚಿದ ಸದ್ದು.

“ಹಂಗೇ ಇದ್ರೆ ವರ್ಷ ಬಿಟ್ಟು ಬಾ, ನಮ್ಮಣ್ಣನ ಹತ್ರ ಮಾತಾಡು. ಈಗ ನಡಿ.” ಆಮೇಲೆ, ಮನಸ್ಸು ಕರಗಿದವಳ ಹಾಗೆ ಅಂದಳು: “ಜಗುಲಿ ಮೇಲೆ ಒಂದು ಗಂಟಿದೆ ನೋಡು. ನಮ್ಮವರ ಅಂಗಿ, ಪಂಚೆ, ಚಪ್ಪಲಿ. ಸತ್ತೋರದನ್ನ ಇಲ್ಲದೋರಿಗೆ ಕೊಡ್ಬೇಕಂತೆ. ನಿನಗೆ ಅಳತೆ ಸರಿಹೋದ್ರೆ ತಗೊಂಡು ಹೋಗು.”